ಅಂಗಾರರ ಬೀಡಿ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಜನ ಹೇಳುತ್ತಾರೆ. ಹೇಳಲಿ. ಆ ಮೂಗಿಗೆ ಕೋಪಕ್ಕಿಂತ ಮೊದಲು ಉಬ್ಬಸ ಬಂದಿತ್ತು ಎಂಬುದು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಡೊಂಬಿವಲಿಯಲ್ಲಿ ಸಂಸಾರದ ಅರ್ಧ ಭಾಗ ಕಳೆದವಳು ನಾನು. ಕಾರ್ಖಾನೆಗಳ ಕಡೆಯಿಂದ ಗಾಳಿ ತಿರುಗಿದ ದಿನ ಕಿಟಕಿ ಮುಚ್ಚಿ, ಬಾಗಿಲಿನ ಸಂದಿಗೆ ಒದ್ದೆ ಬಟ್ಟೆ ತುರುಕಿ ಕೂರುತ್ತಿದ್ದೆ. ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಠಾಣೆಯ ಘೋಡಬಂದರ್ ರಸ್ತೆಯ ಈ ವನಶ್ರೀ ಸೊಸೈಟಿಯಲ್ಲಿ ಏಳನೆಯ ಮಹಡಿಯ ಫ್ಲ್ಯಾಟು ಕೊಂಡದ್ದು ಒಂದೇ ಆಸೆಗೆ. ಪರ್ಸಿನಲ್ಲಿರುವ ಉಬ್ಬಸದ ಪಂಪನ್ನು ಬಾಯಿಗಿಡದೆ ನಿದ್ದೆ ಮಾಡಬೇಕು, ಅಷ್ಟೆ.

ಸೊಸೈಟಿಯ ಸೆಕ್ರೆಟರಿ ಆದದ್ದೂ ಅದಕ್ಕೇ. ವನಶ್ರೀಗೆ ಹಸಿರು ಕಟ್ಟಡದ ಪ್ರಮಾಣಪತ್ರ ಸಿಗಬೇಕೆಂದು ಚಪ್ಪಲಿ ಸವೆಸಿದವಳು ನಾನು. ಮಳೆನೀರು ಇಂಗಿಸೋಣ, ಹಸಿ ಕಸ ಒಣ ಕಸ ಬೇರೆ ಮಾಡೋಣ ಎಂದಾಗ ಎಲ್ಲರೂ ತಲೆಯಾಡಿಸಿದರು. ಹೊಗೆಯ ನಿಯಮ ಬಂದಾಗ ಮಾತ್ರ ಮೀಟಿಂಗಿನಲ್ಲಿ ಗದ್ದಲವಾಯಿತು. ನಿಯಮ ಎರಡು ದಾರಿ ಕೊಟ್ಟಿತ್ತು. ಮನೆಯೊಳಗೆ ಬೀಡಿ ಸಿಗರೇಟು ಸೇದಲು ಬಿಡುವುದಾದರೆ, ಒಂದು ಫ್ಲ್ಯಾಟಿನ ಹೊಗೆ ಇನ್ನೊಂದಕ್ಕೆ ನುಸುಳದಂತೆ ಪ್ರತಿ ಬಾಗಿಲು, ಪ್ರತಿ ಪೈಪಿನ ಸಂದು ಮುಚ್ಚಿ ಪರೀಕ್ಷೆ ಮಾಡಿಸಬೇಕು. ಇಲ್ಲವಾದರೆ ಕಟ್ಟಡದೊಳಗೆ ಎಲ್ಲೂ ಸೇದಬಾರದು. ಸೇದುವವರಿಗೆ ಹೊರಗೆ, ಯಾವ ಕಿಟಕಿ ಬಾಗಿಲಿನಿಂದಲೂ ಇಪ್ಪತ್ತೈದು ಅಡಿಯಾದರೂ ದೂರದಲ್ಲಿ, ಒಂದು ಜಾಗ ಗುರುತಿಸಬೇಕು. ನಾನು ಹಟ ಹಿಡಿದು ಎರಡನೆಯದನ್ನೇ ಪಾಸು ಮಾಡಿಸಿದೆ. ಜಾಗವನ್ನೂ ನಾನೇ ಆರಿಸಿದೆ. ಕಂಪೌಂಡಿನ ಹಿಂದಿನ ಮೂಲೆ, ಕಸದ ಡಬ್ಬಗಳ ಪಕ್ಕ. ಸೇದುವವರಿಗೆ ಅಷ್ಟು ಸಾಕು ಅಂದುಕೊಂಡೆ.

ಒಳ್ಳೆಯ ಗಾಳಿ ಬರುವ ಜಾಗವೊಂದಿತ್ತು. ತೋಟದ ನಡುವಿನ ಗಝೀಬೊ. ಎಂಟು ಕಂಬ, ಮೇಲೆ ಹೆಂಚಿನ ಮಾಡು, ಸುತ್ತ ಗೋಡೆಯಿಲ್ಲ, ಮೂರು ಮೆಟ್ಟಿಲು ಹತ್ತಿ ಹೋಗಬೇಕು. ಆಗಸ್ಟ್ ಹದಿನೈದಕ್ಕೆ ಅತಿಥಿಗಳನ್ನು ಕೂರಿಸುವುದು ಅಲ್ಲೇ. ಬೆಳಿಗ್ಗೆ ನಾನು ಚಾಪೆ ಹಾಸಿ ಪ್ರಾಣಾಯಾಮ ಮಾಡುವುದೂ ಅಲ್ಲೇ. ಅದು ನನ್ನ ಪಾಲಿನ ಆಸ್ಪತ್ರೆ, ದೇವಸ್ಥಾನ ಎರಡೂ ಆಗಿತ್ತು.

ಹೀಗೆ ಎಲ್ಲ ಸುಸೂತ್ರವಾಯಿತು ಅನ್ನುವಾಗ ನನ್ನದೇ ಬಚ್ಚಲಿನಲ್ಲಿ ಹೊಗೆಯ ವಾಸನೆ ಕಾಣಿಸಿಕೊಂಡಿತು. ಸಿಗರೇಟಿನಂಥ ನಯವಾದದ್ದಲ್ಲ, ಗಂಟಲಿಗೆ ಕೊಕ್ಕೆ ಹಾಕಿ ಎಳೆಯುವ ಘಾಟು ವಾಸನೆ. ಬಚ್ಚಲು, ಅಡುಗೆಮನೆಗಳ ಹಿಂದೆ ಒಂದು ಡಕ್ಟು ನೆಲದಿಂದ ತಾರಸಿಯವರೆಗೆ ಹೋಗುತ್ತದೆ. ಪೈಪುಗಳೆಲ್ಲ ಅದರಲ್ಲೇ ಇಳಿಯುತ್ತವೆ, ಎಕ್ಸಾಸ್ಟ್ ಫ್ಯಾನುಗಳೆಲ್ಲ ಅದಕ್ಕೇ ಊದುತ್ತವೆ. ಯಾರದೋ ಮನೆಯ ಹೊಗೆ ಅಲ್ಲಿಂದ ಹತ್ತಿ ಬರುತ್ತಿತ್ತು. ಮೊದಲ ಸಲ ಪಂಪಿನಲ್ಲಿ ಮುಗಿಯಿತು. ಮುಂದಿನ ತಿಂಗಳು ಮತ್ತೆ ಬಂತು, ಅದರ ಮುಂದಿನ ತಿಂಗಳೂ ಬಂತು. ಆ ಸಲ ನಾನು ಬೆಳಗಿನವರೆಗೂ ದಿಂಬಿಗೆ ಒರಗಿ ಕೂತೇ ಇದ್ದೆ.

ನನ್ನ ಅನುಮಾನ ನೇರವಾಗಿ ಹೋಗಿ ನಿಂತದ್ದು ಐದನೆಯ ಮಹಡಿಯ ಅನೀಶನ ಮೇಲೆ. ಬೆಂಗಳೂರಿನ ಹುಡುಗ, ಐಟಿ ಕೆಲಸ, ಒಬ್ಬನೇ ಬಾಡಿಗೆಗೆ ಇದ್ದಾನೆ. ಇಷ್ಟು ಸಾಲದೇ? ಅವನು ಬಂದ ಹೊಸತರಲ್ಲಿ ಗೇಟಿನಾಚೆ ಸಿಗರೇಟು ಹಿಡಿದು ನಿಂತದ್ದನ್ನು ನಾನೇ ಕಂಡಿದ್ದೆ. ನೋಟಿಸು ಬರೆದೆ. ಹೀಗೇ ಮುಂದುವರಿದರೆ ಬಾಡಿಗೆ ಕರಾರು ನವೀಕರಿಸಲು ಸೊಸೈಟಿ ಒಪ್ಪಿಗೆ ಕೊಡುವುದಿಲ್ಲ ಎಂದು ಸಹಿ ಹಾಕಿದೆ. ಅವನು ಮೇಲೆ ಬಂದು ಬಾಗಿಲಲ್ಲೇ ನಿಂತು, ತಾನು ಸೇದುವುದನ್ನು ಬಿಟ್ಟಾಗಿದೆ ಎಂದ. ಯಾಕೆ ಬಿಟ್ಟೆ ಎಂದು ಕೇಳಿದರೆ, "ಅಗ್ರಿಮೆಂಟಲ್ಲಿ ಬರೆದಿತ್ತಲ್ಲ ಆಂಟಿ, ಅದಕ್ಕೆ" ಅಂದ. ಅಗ್ರಿಮೆಂಟು ಓದಿ ಸಿಗರೇಟು ಬಿಟ್ಟವನನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ನಂಬಲಿಲ್ಲ.

ನಮ್ಮ ಯಜಮಾನರು ಸೂರ್ಯನಾರಾಯಣ ಮೈಸೂರಿನವರು, ಮಾತಾಡಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಪೇಪರಿನಿಂದ ಮುಖ ಎತ್ತದೆ, "ಆ ಹುಡುಗ ಪಂಚಾಂಗ ನೋಡಿ ಸಿಗರೇಟು ಹಚ್ತಾನೇನು?" ಎಂದು ಕೇಳಿದರು. ನನಗೆ ರೇಗಿತು. ಬಿಡಿಸಿ ಹೇಳಿ ಅಂದೆ. ಆಗ ಹೇಳಿದರು. ಅವರು ಪ್ರತಿ ಅಮಾವಾಸ್ಯೆ ತಮ್ಮ ತಂದೆಗೆ ತರ್ಪಣ ಬಿಟ್ಟು, ಉಟ್ಟ ಮಡಿಪಂಚೆಯನ್ನು ಬಚ್ಚಲಿನಲ್ಲಿ ಒಣಗಹಾಕುತ್ತಾರೆ. ಮೂರು ಸಲವೂ ಮಾರನೆಯ ದಿನ ಪಂಚೆ ಬೀಡಿ ನಾತ ಹೊಡೆಯುತ್ತಿತ್ತು. ಬೇರೆ ದಿನ ಒಣಗಹಾಕಿದ ಪಂಚೆಗೆ ಆ ನಾತವಿಲ್ಲ. ಅಲ್ಲಿಗೆ ಮೂರೂ ದಿನ ಅಮಾವಾಸ್ಯೆಯೇ. ಇದನ್ನು ಮೊದಲೇ ಹೇಳಬಾರದಿತ್ತೇ ಎಂದು ನಾನು ಕೂಗಾಡಿದರೆ, ಕೇಳಲಿಲ್ಲವಲ್ಲ ಎಂದು ಪೇಪರು ಮಡಚಿದರು.

ಜ್ಯೇಷ್ಠದ ಅಮಾವಾಸ್ಯೆಯ ಸಂಜೆ ನಾನು ಮೂಗನ್ನೇ ಮುಂದೆ ಮಾಡಿಕೊಂಡು ಮೆಟ್ಟಿಲು ಇಳಿದೆ. ಆರನೆಯ ಮಹಡಿಗೆ ಬಂದಾಗಲೇ ಸಿಕ್ಕಿತು. ಊದಿನಕಡ್ಡಿಯ ಪರಿಮಳ, ಅದರ ಅಡಿಯಲ್ಲಿ ಬೀಡಿ. ಆದರೆ ವಾಸನೆ ಬರುತ್ತಿದ್ದ ಮನೆಯ ಬಾಗಿಲು ಹಾಕಿತ್ತು, ಮನೆಯವರಿಬ್ಬರೂ ಹೊರಗೆ ಕಾರಿಡಾರಿನಲ್ಲಿ ನಿಂತಿದ್ದರು. ಒಬ್ಬಳು ಹರಿಣಾಕ್ಷಿ. ಬೇಲಾಪುರದ ಸರಕಾರಿ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿರುವವಳು, ಗಂಡ ಹಡಗಿನ ಕೆಲಸಕ್ಕೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ನಮ್ಮ ಕಮಿಟಿಯಲ್ಲೇ ಇದ್ದಾಳೆ; ಹೊಗೆಯ ನಿಯಮಕ್ಕೆ ಮೊದಲು ಕೈ ಎತ್ತಿದವಳೂ ಅವಳೇ. ಇನ್ನೊಬ್ಬರು ಅವಳ ತಾಯಿ ಅಕ್ಕು. ಹೋದ ಆಟಿಯಲ್ಲಿ, ಅಂದರೆ ತುಳುವರ ಆಷಾಢದಲ್ಲಿ, ಗಂಡ ತೀರಿಕೊಂಡ ಮೇಲೆ ಬಂಟ್ವಾಳದ ಕಡೆಯ ಊರಿನಿಂದ ಮಗಳು ಕರೆತಂದಿದ್ದಳು. ಬಿಳಿ ತಲೆ, ಸಣ್ಣ ದೇಹ, ಲಿಫ್ಟಿನಲ್ಲಿ ನನ್ನನ್ನು ಕಂಡರೆ ಗೋಡೆಗೆ ಸರಿದು ನಿಂತು "ಅಮ್ಮ" ಅನ್ನುವವರು. ವಯಸ್ಸಿನಲ್ಲಿ ನನಗಿಂತ ಎಷ್ಟೋ ದೊಡ್ಡವರು. ಹಾಗೆ ಕರೆಯಬೇಡಿ ಎಂದು ಹೇಳಿ ಹೇಳಿ ಸಾಕಾಗಿತ್ತು.

ನಿಮ್ಮದೇ ಮನೆಯ ಹೊರಗೆ ಯಾಕೆ ನಿಂತಿದ್ದೀರಿ ಎಂದು ಕೇಳಿದೆ. ಹರಿಣಾಕ್ಷಿಯ ಮುಖ ಬಿಳಿಚಿತು. ಅಕ್ಕು ಮಾತ್ರ ಏನೂ ಮುಚ್ಚುಮರೆಯಿಲ್ಲದೆ ಹೇಳಿದರು.

"ಒಳಗೆ ಅವರು ಊಟ ಮಾಡ್ತಾ ಇದ್ದಾರೆ. ನಾವು ನೋಡ್ಲಿಕ್ಕೆ ಆಗುದಿಲ್ಲ."

ನನಗೆ ಒಂದು ಗಳಿಗೆ ಮೈ ಜುಂ ಅಂದಿತು. ಹರಿಣಾಕ್ಷಿ ತಗ್ಗಿದ ದನಿಯಲ್ಲಿ ವಿವರಿಸಿದಳು. ಸತ್ತ ಹಿರಿಯರಿಗೆ ಎಲೆ ಹಾಕಿ ಅವರ ಇಷ್ಟದ್ದನ್ನು ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲುವುದು ಅವರ ಕಡೆಯ ಪದ್ಧತಿ. ತುಳುವಿನಲ್ಲಿ ಇದಕ್ಕೆ ಕುಲೆಗಳಿಗೆ, ಅಂದರೆ ಸತ್ತವರ ಆತ್ಮಗಳಿಗೆ, ಬಳಸುವುದು ಅನ್ನುತ್ತಾರೆ; ಬಳಸುವುದೆಂದರೆ ಬಡಿಸುವುದು. ವರ್ಷಕ್ಕೆ ಒಂದೆರಡು ಸಲ ಮಾಡಿದರೆ ಸಾಕಾಗುತ್ತದೆ. ಆದರೆ ಮೊದಲ ವರ್ಷ ತುಂಬುವವರೆಗೆ, ಅಂದರೆ ಮುಂದಿನ ತಿಂಗಳ ಆಟಿ ಅಮಾವಾಸ್ಯೆಯವರೆಗೆ, ತಿಂಗಳು ತಿಂಗಳೂ ಬಡಿಸುತ್ತೇನೆಂದು ಅಕ್ಕು ಹೇಳಿಕೊಂಡಿದ್ದರು. ಚಳಿಗಾಲದಲ್ಲಿ ಕಿಟಕಿ ತೆರೆದಿಟ್ಟು ಬಡಿಸುತ್ತಿದ್ದರಂತೆ. ನಿಯಮ ಬಂದ ಮೇಲೆ ಹರಿಣಾಕ್ಷಿ ಹೆದರಿ ಕಿಟಕಿ ಮುಚ್ಚಿ ಎಕ್ಸಾಸ್ಟ್ ಫ್ಯಾನು ಹಾಕಲು ಶುರುಮಾಡಿದ್ದಳು. ಹಾಗೆ ಆ ಹೊಗೆ ಬೀದಿಗೆ ಹೋಗುವ ಬದಲು ನೇರವಾಗಿ ನನ್ನ ಬಚ್ಚಲಿಗೆ ಬರುತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ಅಕ್ಕು ಬಾಗಿಲಿಗೆ ಮೂರು ಸಲ ತಟ್ಟಿ ತೆರೆದರು. ಅಡುಗೆಮನೆಯ ನೆಲದಲ್ಲಿ ಬಾಳೆ ಎಲೆ. ಕುಚ್ಚಲಕ್ಕಿ ಅನ್ನ, ಕೋಳಿ ಸಾರು, ಒಣಮೀನಿನ ಚಟ್ನಿ. ಪಕ್ಕದಲ್ಲೊಂದು ತಟ್ಟೆಯಲ್ಲಿ ಅರ್ಧ ಉರಿದು ಆರಿದ ಬೀಡಿ. ನಾನು ಹೊಸಿಲಲ್ಲೇ ನಿಂತು ಪಂಪು ಎಳೆದೆ. ಅಕ್ಕು ನನ್ನತ್ತ ನೋಡಲಿಲ್ಲ, ಬೀಡಿಯನ್ನೇ ನೋಡುತ್ತಿದ್ದರು.

"ಇವತ್ತೂ ಅರ್ಧಕ್ಕೇ ಬಿಟ್ಟಿದ್ದಾರೆ" ಅಂದರು ಮಗಳಿಗೆ. "ಮುಚ್ಚಿದ ಕೋಣೆ. ಅವರಿಗೆ ಉಸಿರು ಕಟ್ಟಿರ್ಬೇಕು."

ಉಸಿರು ಕಟ್ಟಿದ್ದು ನನಗೆ ಎಂದು ಹೇಳಲು ಬಾಯಿ ತೆರೆದವಳು ಇನ್ನೊಮ್ಮೆ ಪಂಪು ಎಳೆದೆ. ಆಮೇಲೆ ಆದಷ್ಟು ಮೆತ್ತಗೆ, ಅಂದರೆ ನನ್ನ ಲೆಕ್ಕದಲ್ಲಿ ಮೆತ್ತಗೆ, ನಿಯಮ ಹೇಳಿದೆ. ಊಟ ಬಡಿಸಲು ಯಾರ ಅಡ್ಡಿಯೂ ಇಲ್ಲ. ಬೀಡಿಯನ್ನು ಹಚ್ಚದೆ ಸುಮ್ಮನೆ ಎಲೆಯ ಪಕ್ಕ ಬೆಂಕಿಪೊಟ್ಟಣದ ಜೊತೆ ಇಟ್ಟುಬಿಡಿ, ಬೇಕಾದವರು ಹಚ್ಚಿಕೊಳ್ಳುತ್ತಾರೆ ಎಂದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಅದು ನನ್ನ ಉಪಾಯ.

ಅಕ್ಕು ತಲೆ ಅಲ್ಲಾಡಿಸಿದರು. "ಅವರಿಗೆ ಕಡ್ಡಿ ಗೀರ್ಲಿಕ್ಕೆ ಆಗುದಿಲ್ಲ ಅಮ್ಮ. ಕೈ ನಡುಗ್ತದೆ."

ಹರಿಣಾಕ್ಷಿ ಮುಖ ಆಚೆ ತಿರುಗಿಸಿದಳು. ಕೊನೆಯ ನಾಲ್ಕು ವರ್ಷ ಅವಳ ತಂದೆ ಅಂಗಾರರಿಗೆ ಕೈ ನಡುಕದ ಕಾಯಿಲೆಯಿತ್ತಂತೆ. ಅಕ್ಕುವೇ ಬೀಡಿ ಹಚ್ಚಿ ತುಟಿಗಿಟ್ಟು, ಬೂದಿ ಬೀಳದಂತೆ ಅಂಗೈ ಹಿಡಿದು ಕೂರುತ್ತಿದ್ದರಂತೆ. ಡಾಕ್ಟರು ಬೇಡವೆಂದರೂ ದಿನಕ್ಕೆ ಒಂದು ಬೀಡಿ ತಪ್ಪುತ್ತಿರಲಿಲ್ಲ.

ನಾನು ಮೇಲೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಅವರು, ಸತ್ತವರಿಗೆ ನೋಟಿಸು ಕಳಿಸುವುದಾದರೆ ವಿಳಾಸ ಏನು ಬರೆಯುತ್ತೀ ಎಂದು ಕೇಳಿದರು. ನಾನು ನಗಲಿಲ್ಲ. ನನ್ನದೂ ಉಸಿರಿನ ಪ್ರಶ್ನೆಯಲ್ಲವೇ? ನಮ್ಮ ಯಜಮಾನರ ತರ್ಪಣದ ಎಳ್ಳುನೀರು ಯಾರ ಮೂಗಿಗೂ ಹೋಗುವುದಿಲ್ಲ. ಈ ಬೀಡಿ ಹೋಗುತ್ತದೆ. ಅಮಾವಾಸ್ಯೆ ಎಲ್ಲರಿಗೂ ಒಂದೇ, ಡಕ್ಟೂ ಒಂದೇ.

ಬೆಳಿಗ್ಗೆ ನನಗೊಂದು ಪರಿಹಾರ ಹೊಳೆಯಿತು. ಹೊರಗೆ ಜಾಗ ಇದ್ದೇ ಇದೆಯಲ್ಲ! ಗುರುತಿಸಿ, ಬೋರ್ಡು ಹಾಕಿಸಿ, ನಿಯಮದ ಪ್ರಕಾರವೇ ಇಟ್ಟದ್ದು. ಮಾಡಿನ ಬದಲು ಒಂದು ಪ್ಲಾಸ್ಟಿಕ್ ಶೀಟು ಕಟ್ಟಿಸಿದರೆ ಮಳೆಗೂ ಆಯಿತು. ನಾನೇ ಉತ್ಸಾಹದಿಂದ ತಾಯಿ ಮಗಳನ್ನು ಕಂಪೌಂಡಿನ ಹಿಂದಿನ ಮೂಲೆಗೆ ಕರೆದುಕೊಂಡು ಹೋಗಿ ತೋರಿಸಿದೆ. ಹಸಿ ಕಸದ ಡಬ್ಬ ತುಂಬಿ ಚೆಲ್ಲಿತ್ತು. ಅಕ್ಕು ಸೆರಗಿನಿಂದ ಮೂಗು ಮುಚ್ಚಿಕೊಳ್ಳಲಿಲ್ಲ. ಡಬ್ಬ ನೋಡಿದರು, ಬೋರ್ಡು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಅವರು ನನ್ನ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು.

"ಬದುಕಿದ್ದಷ್ಟು ದಿನ ಅವರು ಎಲ್ಲರ ಮನೆಯಲ್ಲೂ ಹೊರಗೇ ಉಂಡದ್ದು ಅಮ್ಮ" ಎಂದರು. "ದೊಡ್ಡವರ ಮನೆಯ ದನದ ಹಟ್ಟಿಯ ಹಿಂದೆ, ಗೊಬ್ಬರದ ಗುಂಡಿಯ ಹತ್ತಿರ ಎಲೆ ಹಾಕ್ತಿದ್ರು. ಮಗಳು ಓದಿ ಮನೆ ಮಾಡಿದ್ಲು. ಇಲ್ಲಿಯೂ ಹೊರಗೆ ಉಣ್ಬೇಕಾ?"

ಸಿಟ್ಟಿಲ್ಲದ ದನಿ. ಸಿಟ್ಟಿದ್ದಿದ್ದರೆ ನಾನು ಸಿಟ್ಟಿನಿಂದಲೇ ಉತ್ತರ ಕೊಟ್ಟುಬಿಡುತ್ತಿದ್ದೆ. ಅದು ನನಗೆ ಬರುವ ವಿದ್ಯೆ. ನನ್ನ ಅಜ್ಜಿಯ ಮನೆಯ ಹಿತ್ತಿಲೂ ಕಣ್ಣ ಮುಂದೆ ಬಂದು ಹೋಯಿತು, ಅಲ್ಲಿಯೂ ದೂರದಲ್ಲಿ ಎಲೆ ಹಾಕುತ್ತಿದ್ದರು. ನಾಚಿಕೆಯಾಯಿತು. ಕಸದ ಡಬ್ಬದ ಪಕ್ಕ ನಿಂತೇ ಇದ್ದೆ, ಅವರಿಬ್ಬರೂ ಹೊರಟುಹೋದರು.

ಸಂಜೆ ಹರಿಣಾಕ್ಷಿ ನಮ್ಮ ಮನೆಗೆ ಬಂದಳು. ತಾಯಿ ಊರಿಗೆ ಟಿಕೆಟು ಮಾಡಿಸು ಎಂದು ಹಟ ಹಿಡಿದಿದ್ದಾರೆ, ಆಟಿ ಅಮಾವಾಸ್ಯೆಗೆ ಅಲ್ಲಿಯ ಮನೆಯೊಳಗೇ ಬಡಿಸಬೇಕಂತೆ, ಮತ್ತೆ ಇತ್ತ ಬರುವುದಿಲ್ಲವಂತೆ. ಅಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲ. ಸಕ್ಕರೆ ಕಾಯಿಲೆ ಬೇರೆ. ಹೋದ ಸಲ ತಲೆತಿರುಗಿ ಬಿದ್ದಾಗ ಪಕ್ಕದವರು ಕಂಡದ್ದು ಮಾರನೆಯ ದಿನ.

"ನಿಮ್ಮ ಉಬ್ಬಸ ನನಗೆ ಗೊತ್ತುಂಟು ಜಾನಕಿ ಮೇಡಂ, ನಿಮ್ಮ ಮೇಲೆ ಬೇಸರ ಇಲ್ಲ" ಎಂದಳು. "ಅನೀಶನಿಗೆ ನೋಟಿಸು ಹೋದಾಗಲೇ ನಾನು ಬಾಯಿ ಬಿಡ್ಬೇಕಿತ್ತು. ಆದ್ರೆ ಅಪ್ಪನಿಗೆ ಬೀಡಿ ಇಡ್ಬೇಡ ಅಂತ ಅಮ್ಮನಿಗೆ ಹೇಗೆ ಹೇಳ್ಲಿ ಮಾರಾಯ್ರೆ? ಅವಳಿಗೆ ಉಳಿದದ್ದು ಅದೊಂದೇ."

ಟಿಕೆಟು ಮಾಡಬೇಡ, ಸ್ವಲ್ಪ ತಡೆ ಎಂದೆ. ತಡೆದರೆ ಏನಾಗುತ್ತದೆ ಎಂದು ನನಗೂ ತಿಳಿದಿರಲಿಲ್ಲ.

ಆ ವಾರವೆಲ್ಲ ಗಝೀಬೊದಲ್ಲಿ ಮೂಗು ಹಿಡಿದು ಕೂತರೂ ಪ್ರಾಣಾಯಾಮ ಸರಿಯಾಗಲಿಲ್ಲ. ಮಳೆ ಹನಿಯುತ್ತಿತ್ತು. ಎದುರಿಗೆ ಯೇವೂರಿನ ಗುಡ್ಡಗಳ ಮೇಲೆ ಮೋಡ. ಎಂಟು ಕಂಬಗಳ ನಡುವೆ ಗಾಳಿ ಆಡುತ್ತಿತ್ತು. ಅದನ್ನೇ ಎಳೆದು ಬಿಡುತ್ತಿದ್ದವಳಿಗೆ ಒಂದು ದಿನ ತಲೆಗೆ ಬಂತು. ಇಲ್ಲಿ ಬಿಟ್ಟ ಉಸಿರು ಯಾರ ಮನೆಗೂ ಹೋಗುವುದಿಲ್ಲ. ಮೇಲೆ ಮಾಡಿದೆ, ಕೆಳಗೆ ಕಲ್ಲಿನ ನೆಲವಿದೆ, ಹತ್ತಲು ಮೆಟ್ಟಿಲಿದೆ. ಇಡೀ ವನಶ್ರೀಯಲ್ಲಿ ಇದಕ್ಕಿಂತ ಮರ್ಯಾದೆಯ ಜಾಗ ಇನ್ನೊಂದಿಲ್ಲ. ಒಳ್ಳೆಯ ಜಾಗವನ್ನು ನನಗೆ ಇಟ್ಟುಕೊಂಡು ಕಸದ ಮೂಲೆಯನ್ನು ಬೇರೆಯವರಿಗೆ ಕೊಟ್ಟವಳು ನಾನೇ. ಜಾಗ ಸಿಕ್ಕಿತೆಂದು ಸಂತೋಷವಾಯಿತು, ಜೊತೆಗೇ ನನ್ನ ಪ್ರಾಣಾಯಾಮದ ಚಾಪೆ ಸುತ್ತಿಡಬೇಕೇ ಅನ್ನಿಸಿತು. ಗಝೀಬೊ ಸೇದುವ ಜಾಗವಾದರೆ ಅಂಗಾರರೊಬ್ಬರೇ ಬರುತ್ತಾರೆಯೇ? ಬದುಕಿರುವ ಸೇದುವವರೆಲ್ಲ ಬರುತ್ತಾರೆ.

ಮನೆಗೆ ಹೋಗುವ ಮೊದಲು ಐದನೆಯ ಮಹಡಿಯಲ್ಲಿ ಇಳಿದು ಅನೀಶನ ಬಾಗಿಲು ತಟ್ಟಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆನಪ್ಪ, ತಪ್ಪಾಯಿತು, ನೋಟಿಸು ಹರಿದುಹಾಕು ಎಂದೆ. ಅವನು ತಬ್ಬಿಬ್ಬಾಗಿ ಕಾಫಿ ಮಾಡಲಾ ಆಂಟಿ ಎಂದ. ಕಾಫಿ ಬೇಡ, ಟೇಪು ಹಿಡಿಯಲು ಬಾ ಅಂದೆ. ಮಳೆಯಲ್ಲೇ ಇಬ್ಬರೂ ಅಳೆದೆವು. ಎಲ್ಲ ಕಡೆಯೂ ದೂರ ಸರಿಯಾಗಿತ್ತು. ಜಿಮ್ಮಿನ ಒಂದು ಕಿಟಕಿ ಮಾತ್ರ ಹತ್ತಿರ ಬಂತು. ಏಸಿ ಹಾಕಿದ ಜಿಮ್ಮಿನಲ್ಲಿ ಆ ಕಿಟಕಿಯನ್ನು ಯಾರೂ ತೆರೆಯುತ್ತಿರಲಿಲ್ಲ. ಬಡಗಿಯನ್ನು ಕರೆಸಿ ಶಾಶ್ವತವಾಗಿ ಮುಚ್ಚಿಸಿದೆ.

ಕಮಿಟಿ ಮೀಟಿಂಗಿನಲ್ಲಿ ನಾನೇ ಮಾತು ಎತ್ತಿದಾಗ ಎಲ್ಲರೂ ನನಗೆ ಜ್ವರ ಬಂದಿದೆ ಎಂಬಂತೆ ನೋಡಿದರು. ಕಾರಣ ಹೇಳುವ ಮೊದಲು ಹರಿಣಾಕ್ಷಿಯ ಕಡೆ ನೋಡಿದೆ. ಅವಳೇ ಎದ್ದು ನಿಂತು ಅಪ್ಪನ ಬೀಡಿಯ ಕತೆ ಹೇಳಿದಳು. ಹಟ್ಟಿಯ ಹಿಂದಿನ ಎಲೆಯ ಮಾತನ್ನೂ ಬಿಡಲಿಲ್ಲ. ಬೆಳಗಿನ ಹೊತ್ತು ಗಝೀಬೊ ಉಸಿರಾಡುವವರಿಗೆ, ಸಂಜೆ ಸೇದುವವರಿಗೆ ಎಂದು ತೀರ್ಮಾನವಾಯಿತು. ಆ ಬಳಿಕ ಒಂದು ವಿಚಿತ್ರ ನಡೆಯಿತು. ಕಸದ ಮೂಲೆಗೆ ಹೋಗಲು ಅಸಹ್ಯಪಟ್ಟು ಕದ್ದು ಮೆಟ್ಟಿಲಲ್ಲಿ ಸೇದುತ್ತಿದ್ದವರೆಲ್ಲ ಈಗ ಹೊರಗೆ ಬಂದರು. ಮೆಟ್ಟಿಲ ಮೇಲೆ ಸಿಗರೇಟಿನ ತುಂಡು ಬೀಳುವುದು ನಿಂತಿತು. ನನ್ನ ಬೋರ್ಡು, ನೋಟಿಸು, ದಂಡ ಯಾವುದೂ ಮಾಡದ ಕೆಲಸ ಅದು.

ಆದರೆ ಯಾರಿಗಾಗಿ ಇಷ್ಟೆಲ್ಲ ಮಾಡಿದೆನೋ ಅವರು ಒಪ್ಪಬೇಕಲ್ಲ. ಅಕ್ಕುವನ್ನು ಕರೆದುಕೊಂಡು ಬಂದೆವು. ಅವರು ಗಝೀಬೊದ ಕೆಳಗೆ ನಿಂತು ಮೇಲೆ ಹತ್ತಲಿಲ್ಲ. ಇದರಲ್ಲಿ ಯಾರು ಕೂರುವುದು ಎಂದು ಕೇಳಿದರು. ಬಾವುಟ ಹಾರಿಸುವ ದಿನ ಅಧ್ಯಕ್ಷರು, ಈ ವಾರ್ಡಿನ ನಗರಸೇವಕರು ಎಂದೆ. ಇದು ಇಲ್ಲಿಯ ಚಾವಡಿ ಅಮ್ಮ, ಎಂದು ಹರಿಣಾಕ್ಷಿ ಸೇರಿಸಿದಳು. ದೊಡ್ಡ ಮನೆಗಳಲ್ಲಿ ಯಜಮಾನ ಕೂರುವ, ಅಂಗಾರರು ಜೀವಮಾನದಲ್ಲಿ ಕಾಲಿಡದ ಜಾಗಕ್ಕೆ ಅವರ ಕಡೆ ಚಾವಡಿ ಎನ್ನುತ್ತಾರೆ.

"ಅವರು ಮೆಟ್ಟಿಲು ಹತ್ತಿ ಮೇಲೆ ಬರ್ಬಹುದಾ?" ಎಂದರು ಅಕ್ಕು.

"ಬರಲೇಬೇಕು" ಅಂದೆ. "ಮೊದಲು ನೀವು ಹತ್ತಿ."

ಹತ್ತಿದರು. ಕಂಬವೊಂದನ್ನು ಮುಟ್ಟಿ ನೋಡಿದರು. ಟಿಕೆಟಿನ ಮಾತು ಎತ್ತಲಿಲ್ಲ. ಅದು ಬೇಡ ಎಂದೂ ಹೇಳಲಿಲ್ಲ. ಅಮಾವಾಸ್ಯೆ ಕಳೆಯಲಿ, ಅವರಿಗೆ ಸರಿಹೋಗ್ತದಾ ನೋಡುವ ಎಂದಷ್ಟೇ ಹೇಳಿದರು.

ಆಷಾಢದ ಆ ಅಮಾವಾಸ್ಯೆ ಒಂದೇ ದಿನವಾದರೂ ನಮ್ಮ ಕಟ್ಟಡದಲ್ಲಿ ಅದಕ್ಕೆ ಮೂರು ಮುಖ. ಅಕ್ಕುವಿಗೆ ಆಟಿ ಅಮಾವಾಸ್ಯೆ. ಮರಾಠಿಯವರಿಗೆ ಗಟಾರಿ, ಶ್ರಾವಣ ಹಿಡಿಯುವ ಮೊದಲು ಕುಡಿದು ತಿಂದು ಮುಗಿಸುವ ದಿನ. ನಮಗೆ ಭೀಮನ ಅಮಾವಾಸ್ಯೆ, ಹೆಂಡತಿ ಗಂಡನ ಪಾದ ತೊಳೆದು ಆಯುಸ್ಸು ಬೇಡುವ ದಿನ. ಪ್ರಮಾಣಪತ್ರಕ್ಕೆ ತಪಾಸಣೆ ಮಾಡುವವರೂ ಅದೇ ದಿನ ಬೆಳಿಗ್ಗೆ ಬರುತ್ತೇವೆಂದು ತಿಳಿಸಿದ್ದರು. ನಾನು ಯಜಮಾನರ ಪಾದಕ್ಕೆ ಅವಸರದಲ್ಲಿ ನೀರು ಸುರಿದು, ಕಾಲು ಸರಿಯಾಗಿ ಚಾಚಬಾರದೇ ಎಂದು ಬೈದೆ. ಆಯುಸ್ಸನ್ನೂ ಬೈಗುಳವನ್ನೂ ಒಟ್ಟಿಗೆ ಕೊಡುವವಳು ನೀನೊಬ್ಬಳೇ ಎಂದು ಅವರು ನಕ್ಕರು. ಅವರ ಕಾಲು ಒರೆಸುವಾಗ ಅಕ್ಕುವಿನ ನೆನಪಾಗಿ ಕೈ ನಿಧಾನವಾಯಿತು.

ತಪಾಸಣೆಯವರು ಬೆಳಿಗ್ಗೆ ಬರಲಿಲ್ಲ. ಘೋಡಬಂದರ್ ರಸ್ತೆಯಲ್ಲಿ ಟ್ರೇಲರು ಕೆಟ್ಟು ನಿಂತಿದೆ ಎಂದು ಫೋನು ಬಂತು. ಮಧ್ಯಾಹ್ನವೂ ಬರಲಿಲ್ಲ. ಸಂಜೆ ಮಳೆ ನಿಂತು ಬೆಳಕು ಮಂಕಾಗುವ ಹೊತ್ತಿಗೆ ಅಕ್ಕು ಗಝೀಬೊದ ನಡುವೆ ಎಲೆ ಹಾಕಿ ಬಡಿಸಿದರು. ಹರಿಣಾಕ್ಷಿ ಕೋಳಿ ಸಾರಿನ ಪಾತ್ರೆ ಹಿಡಿದಿದ್ದಳು, ಅನೀಶ ನೀರಿನ ತಂಬಿಗೆ. ನಮ್ಮ ಯಜಮಾನರು ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತಿದ್ದರು. ನಾನು ಗಾಳಿ ಬರುವ ದಿಕ್ಕಿನಲ್ಲಿ, ಪಂಪನ್ನು ಮುಷ್ಟಿಯಲ್ಲಿಟ್ಟುಕೊಂಡು ದೂರ ನಿಂತೆ.

ಕೊನೆಗೆ ಅಕ್ಕು ಬೀಡಿ ತೆಗೆದು ಕಡ್ಡಿ ಗೀರಿದರು. ಗುಡ್ಡದ ಕಡೆಯ ಗಾಳಿ ಆರಿಸಿತು. ಮತ್ತೆ ಗೀರಿದರು, ಮತ್ತೆ ಆರಿತು. ಪೊಟ್ಟಣ ನೆಲದಲ್ಲಿಟ್ಟದ್ದಕ್ಕೆ ತೇವ ಹಿಡಿದಿತ್ತು. ಅನೀಶ ಅಭ್ಯಾಸಬಲದಿಂದ ಜೇಬು ತಡವಿದ, ಲೈಟರು ಇಟ್ಟುಕೊಳ್ಳುವುದನ್ನೂ ಅವನು ಬಿಟ್ಟಾಗಿತ್ತು. ಹರಿಣಾಕ್ಷಿಯ ಎರಡೂ ಕೈಯಲ್ಲಿ ಪಾತ್ರೆ. ಈಗ ಅಕ್ಕುವಿನ ಬೆರಳೂ ನಡುಗತೊಡಗಿತು. "ಅವರಿಗೆ ಇಲ್ಲಿ ಮನಸ್ಸಿಲ್ಲವೋ ಏನೋ" ಎಂದು ಮೆಲ್ಲಗೆ ಹೇಳಿದರು.

ಅಷ್ಟರಲ್ಲಿ ಗೇಟಿನಲ್ಲಿ ಕಾರು ಬಂತು. ವಾಚ್‌ಮನ್ ನನ್ನತ್ತ ಕೈ ಬೀಸಿ ಕರೆದ, ತಪಾಸಣೆಯ ಮೇಡಂ ಬಂದಿದ್ದರು. ಹೂಗುಚ್ಛ ಆಫೀಸಿನ ಮೇಜಿನ ಮೇಲಿತ್ತು, ಹೋಗಿ ಕೊಟ್ಟು ಕರೆತರಬೇಕಾದವಳು ನಾನು. ನಾನು ಅತ್ತ ಹೋಗಲಿಲ್ಲ. ಮೆಟ್ಟಿಲು ಹತ್ತಿ ಅಕ್ಕುವಿನ ಎದುರು ಮಂಡಿಯೂರಿ, ಪಂಪನ್ನು ಮಡಿಲಿಗೆ ಹಾಕಿ, ಎರಡೂ ಅಂಗೈ ಸೇರಿಸಿ ಗೂಡು ಮಾಡಿ ಹಿಡಿದೆ. ಗೀರಿ ಅಂದೆ.

ಈ ಸಲ ಕಡ್ಡಿ ಹತ್ತಿತು. ಜ್ವಾಲೆ ನನ್ನ ಬೆರಳಿಗೆ ತಾಗುವಷ್ಟು ಹತ್ತಿರವಿತ್ತು.

"ಕೈ ಸುಟ್ಟೀತು ಮಗಾ, ಸ್ವಲ್ಪ ಆಚೆ ಹಿಡಿ" ಅಂದರು 'ಅಮ್ಮ' ಎನ್ನುತ್ತಿದ್ದ ಅಕ್ಕು.

ಬೀಡಿಯ ತುದಿ ಕೆಂಪಾಯಿತು. ತಟ್ಟೆಯ ಅಂಚಿಗೆ ಅದನ್ನು ಒರಗಿಸಿಟ್ಟು ಎಲ್ಲರೂ ಕೆಳಗಿಳಿದು ಬೆನ್ನು ತಿರುಗಿಸಿ ನಿಂತೆವು. ಅಷ್ಟು ಹೊತ್ತಿಗೆ ಮಾನಸಿ ಎಂಬ ಆ ತಪಾಸಣೆಯ ಹುಡುಗಿ ಕೈಯಲ್ಲಿ ಅಳತೆಯ ಯಂತ್ರ ಹಿಡಿದು ಅಲ್ಲಿಗೇ ಬಂದಳು. ಇದೇನಾ ನಿಮ್ಮ ಸ್ಮೋಕಿಂಗ್ ಝೋನ್ ಎಂದು ಹಿಂದಿಯಲ್ಲಿ ಕೇಳಿದಳು. ಹೌದು ಅಂದೆ. ಸುತ್ತಲೂ ಅಳೆದಳು, ಮುಚ್ಚಿಸಿದ ಜಿಮ್ಮಿನ ಕಿಟಕಿ ಎಳೆದು ನೋಡಿದಳು, ಸರಿಯಿದೆ ಎಂದು ಬರೆದುಕೊಂಡಳು. ಆಮೇಲೆ ಅವಳ ಕಣ್ಣು ಮೇಲಿನಿಂದ ಏಳುತ್ತಿದ್ದ ಹೊಗೆಯ ಎಳೆಯ ಮೇಲೆ ಬಿತ್ತು.

"ಕೌನ್ ಪೀ ರಹಾ ಹೈ?" ಎಂದಳು, ಸೇದುವವರು ಯಾರೂ ಕಾಣದ ಖಾಲಿ ಗಝೀಬೊ ನೋಡಿ.

ಹರಿಣಾಕ್ಷಿ ಹೇಳಿದಳು, "ಮೇರೆ ಪಿತಾಜಿ."

ಮಾನಸಿ ಎಲೆ ನೋಡಿದಳು, ಅನ್ನ ನೋಡಿದಳು, ಬೆನ್ನು ತಿರುಗಿಸಿ ನಿಂತ ನಮ್ಮನ್ನು ನೋಡಿದಳು. ಪಿತೃಪಕ್ಷದಲ್ಲಿ ಕಾಗೆ ಬಂದು ಎಡೆ ಮುಟ್ಟುವವರೆಗೆ ತಾರಸಿಯಲ್ಲಿ ಕಾಯುವ ಮನೆಯಲ್ಲಿ ಬೆಳೆದ ಹುಡುಗಿ ಇರಬೇಕು. ಶೂ ಕಳಚಿ, ನನ್ನ ಪಕ್ಕದಲ್ಲಿ ತಾನೂ ಬೆನ್ನು ತಿರುಗಿಸಿ ನಿಂತಳು.

ಕತ್ತಲಾಗುವ ಮೊದಲು ಅಕ್ಕು ಚಪ್ಪಾಳೆಯಂತೆ ಮೂರು ಸಲ ಕೈ ತಟ್ಟಿ ಮೇಲೆ ಹೋದರು. ತಟ್ಟೆಯ ಮುಂದೆ ಕೂತು ಬಹಳ ಹೊತ್ತು ಏಳಲಿಲ್ಲ. ನನಗೆ ಭಯವಾಯಿತು. ಹತ್ತಿ ಹೋಗಿ ನೋಡಿದೆ. ಗಾಳಿ ಒಂದೇ ಸಮನೆ ಊದಿತ್ತು. ಬೀಡಿ ಅರ್ಧಕ್ಕೆ ನಿಂತಿರಲಿಲ್ಲ. ಕಟ್ಟಿದ ಕೆಂಪು ದಾರದವರೆಗೂ ಉರಿದು ಬೂದಿಯಾಗಿತ್ತು.

"ಪೂರ ಸೇದಿದ್ದಾರೆ" ಎಂದರು ಅಕ್ಕು, ಕಣ್ಣೊರೆಸಿಕೊಂಡು. ಮಗಳ ಕಡೆ ತಿರುಗಿ, "ದೀಪಾವಳಿಗೂ ಇಲ್ಲಿಯೇ ಬಡಿಸುವ, ಆಗದಾ?" ಎಂದು ಕೇಳಿದರು.

ಹರಿಣಾಕ್ಷಿ ಆಗ್ತದೆ ಎಂದದ್ದು ನನಗೆ ಸರಿಯಾಗಿ ಕೇಳಲಿಲ್ಲ, ಅವಳು ಅಳುತ್ತಿದ್ದಳು. ನಮ್ಮ ಯಜಮಾನರು ಕೆಳಗಿನಿಂದ ನನ್ನ ಪಂಪು ಎತ್ತಿ ತೋರಿಸಿದರು. ಮಂಡಿಯೂರಿದಾಗ ಮಡಿಲಿಗೆ ಹಾಕಿಕೊಂಡದ್ದು ಬಟ್ಟೆಯ ಮಡಿಕೆಯಲ್ಲಿ ಸಿಕ್ಕಿಕೊಂಡು, ಮೆಟ್ಟಿಲಿಳಿಯುವಾಗ ಹುಲ್ಲಿನ ಮೇಲೆ ಬಿದ್ದಿತ್ತು. ಬೇಕಾ ಎಂದು ಕೇಳಿದರು. ಒಂದು ಉಸಿರು ಎಳೆದು ನೋಡಿದೆ. ಬೇಡ ಅಂದೆ.